ಯಾರೂ ಇಲ್ಲದ ಇನ್ನೂರು ವರ್ಷ

ಮೊದಲ ದಿನ, ಸೋಮವಾರ

ಶೆಫೀಲ್ಡ್‌ನಲ್ಲಿ ಓದುತ್ತಿರುವ ಮಗಳು ಹ್ಯಾಡನ್ ಹಾಲ್ ಎಂಬ ಹಳೆಯ ಕಲ್ಲಿನ ಮನೆ ನೋಡಲು ಹೊರಟ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ, "ಅಪ್ಪಾ, ಅಲ್ಲಿ ಕಂಡ ಗೋಡೆಯನ್ನೆಲ್ಲ ತಟ್ಟಿ ನೋಡಬೇಡಿ, ಯಾರಾದರೂ ಬೈದಾರು" ಎಂದು ಎಚ್ಚರಿಸಿದಳು. ಮೂವತ್ತೊಂದು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಕಳೆದವನಿಗೆ ಗೋಡೆ ಕಂಡರೆ ಬೆರಳ ಗಂಟಿನಿಂದ ತಟ್ಟುವ ಚಟ. ಮಗಳಿಗೆ ಅದು ಗೊತ್ತು. ಹೆಂಡತಿಗಂತೂ ಗೊತ್ತೇ ಇದೆ. ಹೆಣ್ಣು ನೋಡಲು ಹೋದ ದಿನವೇ ತೀರ್ಥಹಳ್ಳಿ ಕಡೆಯ ಅವರ ತೊಟ್ಟಿ ಮನೆಯ ಕಂಬ ತಟ್ಟಿ ನೋಡಿದ್ದೆನಂತೆ.

ಬಸ್ಸು ಹೊರಟ ಹದಿನೈದು ನಿಮಿಷಕ್ಕೇ ಮೊಬೈಲಿಗೆ ಅದೇ ಮನೆಯಿಂದ ಸಂದೇಶ ಬಂತು. ಭಾವಮೈದ ಬರೆದಿದ್ದ: "ಭಾವ, ಹಿಂದಿನ ಅಂಕಣ ಸೋರುತ್ತಿದೆ. ಪೂರ್ತಿ ಕೆಡವಿ ತಾರಸಿ ಮನೆ ಕಟ್ಟಿದರೆ ಎಷ್ಟಾಗಬಹುದು? ಒಂದು ಅಂದಾಜು ಕಳಿಸಿ." ಜೊತೆಗೆ ನಾಲ್ಕು ಚಿತ್ರಗಳು. ಆಮೇಲೆ ನೋಡಿದರಾಯಿತು ಎಂದು ಮೊಬೈಲನ್ನು ಜೇಬಿಗಿಳಿಸಿದೆ.

ಊರು ದಾಟುತ್ತಿದ್ದಂತೆ ಬಯಲು ಗುಡ್ಡಗಳು ತೆರೆದುಕೊಂಡವು. ಮರವಿಲ್ಲ, ಕುರಿಗಳಿವೆ, ಕಣ್ಣು ಹಾಯುವವರೆಗೂ ಕಲ್ಲಿನ ಪಾಗಾರಗಳಿವೆ. ಗಾರೆಯ ಹನಿಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದವು. ಇದು ಪೀಕ್ ಡಿಸ್ಟ್ರಿಕ್ಟ್, 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದ ಪ್ರದೇಶ. ಗಡಿಯಲ್ಲಿ ಬೀಸುವ ಕಲ್ಲೊಂದನ್ನು ನಿಲ್ಲಿಸಿದ್ದಾರೆ. ಅದೇ ಇಲ್ಲಿನ ಲಾಂಛನ. ಇಲ್ಲಿನ ಒರಟು ಮರಳುಗಲ್ಲಿನಿಂದ ಒಂದು ಕಾಲದಲ್ಲಿ ಬೀಸುವ ಕಲ್ಲುಗಳನ್ನು ಕಡೆಯುತ್ತಿದ್ದರು. ಅದರ ಪಕ್ಕದ ಸೀಮೆಯಲ್ಲಿ ಬಿಳಿ ಸುಣ್ಣಕಲ್ಲು. ಕಪ್ಪು ಕಲ್ಲಿನ ನಾಡು ಮುಗಿದು ಬಿಳಿ ಕಲ್ಲಿನ ನಾಡು ಶುರುವಾಗುವಲ್ಲಿ ವೈ ಎಂಬ ಸಣ್ಣ ನದಿ ಹರಿಯುತ್ತದೆ, ಅದರ ದಡದಲ್ಲಿ ಬೇಕ್‌ವೆಲ್ ಎಂಬ ಪೇಟೆ.

ಸೋಮವಾರ ಅಲ್ಲಿ ಸಂತೆಯ ದಿನ. ನಮಗೆ ಮೊದಲೇ ಗೊತ್ತಿದ್ದರೆ ಬೇರೆ ದಿನ ಬರುತ್ತಿದ್ದೆವು. ಕೋಣೆ ಕೊಡಬೇಕಿದ್ದ ಮನೆಯವರು ಹೇಳಿದ್ದ ಸಮಯಕ್ಕೆ ಬಾಗಿಲು ತೆಗೆಯಲಿಲ್ಲವಾದ್ದರಿಂದ ಎರಡು ಗಂಟೆ ಚೀಲ ಹೊತ್ತುಕೊಂಡು ಸಂತೆ ಸುತ್ತಿದೆವು. ಈ ಊರಿನ ಹೆಸರನ್ನೇ ಹೊತ್ತ ಪುಡಿಂಗ್ ಇಲ್ಲಿನ ಪ್ರಸಿದ್ಧ ತಿಂಡಿ: ಗರಿಗರಿ ಹಿಟ್ಟಿನ ತಟ್ಟೆಯೊಳಗೆ ಜಾಮು, ಅದರ ಮೇಲೆ ಬಾದಾಮಿ ಹಾಕಿದ ಹೂರಣ. ಅದರಲ್ಲಿ ಮೊಟ್ಟೆ ಇದೆ ಎಂದು ತಿಳಿದ ಕೂಡಲೇ ಹೆಂಡತಿ ತನ್ನ ಪಾಲನ್ನು ನನ್ನ ಕಡೆ ಸರಿಸಿದಳು. ಎರಡು ತಿಂದೆ.

ಸಂಜೆ ಸೇತುವೆಯ ಮೇಲೆ ನಿಂತೆವು. ಐದು ಕಮಾನುಗಳ, ಸುಮಾರು 700 ವರ್ಷ ಹಳೆಯ ಸೇತುವೆ. ಈಗಲೂ ಅದರ ಮೇಲೆ ಲಾರಿಗಳು ಓಡಾಡುತ್ತವೆ. ಜೂನ್ ತಿಂಗಳು, ರಾತ್ರಿ ಹತ್ತಾದರೂ ಬೆಳಕು. ನಿದ್ದೆ ಬರಲಿಲ್ಲ.

ಎರಡನೆಯ ದಿನ, ಮಂಗಳವಾರ

ಬೇಕ್‌ವೆಲ್‌ನಿಂದ ದಕ್ಷಿಣಕ್ಕೆ ಎರಡು ಮೈಲಿ. ಹೆದ್ದಾರಿಯ ಪಕ್ಕದಲ್ಲೇ ಇದ್ದರೂ ಹ್ಯಾಡನ್ ಹಾಲ್ ಥಟ್ಟನೆ ಕಾಣುವುದಿಲ್ಲ. ರಸ್ತೆ ದಾಟಿ, ಹೊಳೆ ದಾಟಿ, ಏರು ಹತ್ತುತ್ತಿರುವಾಗ ಮರಗಳ ಮೇಲೆ ಒಂದು ಗೋಪುರ, ಆಮೇಲೆ ಇನ್ನೊಂದು, ಆಮೇಲೆ ಉದ್ದಕ್ಕೂ ಹಲ್ಲು ಹಲ್ಲಾದ ಗೋಡೆಯಂಚು. ಕೋಟೆಯಂತೆ ಕಾಣುತ್ತದೆ, ಕೋಟೆಯಲ್ಲ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಮುಂದೆ ದೊರೆಯಾದ ಜಾನ್ ಇನ್ನೂ ರಾಜಕುಮಾರನಾಗಿದ್ದಾಗ, ಈ ಮನೆಯ ರಿಚರ್ಡ್ ವರ್ನನ್‌ನಿಗೆ ಸುತ್ತು ಗೋಡೆ ಕಟ್ಟಲು ಅನುಮತಿ ಕೊಟ್ಟ. ಷರತ್ತು ಎರಡು: ಎತ್ತರ 12 ಅಡಿ ಮೀರಬಾರದು, ಮೇಲೆ ಕೋಟೆಯ ತೆನೆ ಇರಬಾರದು. ಸಾಮಂತನೊಬ್ಬ ನಾಳೆ ತಿರುಗಿಬಿದ್ದರೆ ಒಳಗೆ ಕೂತು ಬಾಣ ಬಿಡುವಂತಿರಬಾರದಲ್ಲ. ಈಗ ಕಾಣುವ ತೆನೆಗಳು ಆಮೇಲಿನವು, ಹೆಚ್ಚಿನಂಶ ಶೋಕಿಗೆ. ಅನುಮತಿ ಪತ್ರದಲ್ಲಿ ಒಂದು, ಕಟ್ಟಿದ್ದು ಇನ್ನೊಂದು, ನನಗೇನೂ ಆಶ್ಚರ್ಯವಾಗಲಿಲ್ಲ.

ವಾಯುವ್ಯ ಗೋಪುರದ ಕೆಳಗೆ ಹೆಬ್ಬಾಗಿಲು. ಅದರ ದಿಡ್ಡಿ ಬಾಗಿಲಿನ ಹೊಸ್ತಿಲ ಕಲ್ಲು ಸವೆದು ಸವೆದು ಪಾದದ ಆಕಾರಕ್ಕೆ ಗುಳಿ ಬಿದ್ದಿದೆ. ಹೆಂಡತಿ ಹೊಸ್ತಿಲು ತುಳಿಯಲಿಲ್ಲ, ದಾಟಿದಳು. ಏಳೆಂಟು ಶತಮಾನ ಇವರೆಲ್ಲ ತುಳಿದದ್ದಕ್ಕೇ ಹೀಗಾಗಿದೆ ಎಂಬಂತೆ ನನ್ನತ್ತ ನೋಡಿದಳು.

ಒಳಗೆ ಅಂಗಳ. ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ್ದರಿಂದ ನೆಲ ಒಂದೇ ಮಟ್ಟದಲ್ಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೇಲೆ ಇನ್ನೊಂದು ಅಂಗಳ. ಎರಡು ಅಂಗಳಗಳ ನಡುವೆ ಅಡ್ಡಲಾಗಿ ದೊಡ್ಡ ಊಟದ ಹಜಾರ. "ಎರಡು ತೊಟ್ಟಿಯ ಮನೆ ಅನ್ನಿ" ಎಂದಳು ಇವಳು. ನಕ್ಷೆಯ ಮಟ್ಟಿಗೆ ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಆದರೆ ಇದು ಒಬ್ಬರು ಒಮ್ಮೆ ಕೂತು ಬರೆದ ನಕ್ಷೆಯಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯ ಕಾಲದ ಸಾಮಂತ ಮನೆತನವಾದ ಪೆವರಲ್‌ಗಳಿಂದ ಆರಂಭವಾಗಿ, ಹನ್ನೆರಡನೆಯ ಶತಮಾನದಲ್ಲಿ ಮದುವೆಯ ಸಂಬಂಧದಿಂದ ವರ್ನನ್ ಮನೆತನಕ್ಕೆ ಬಂದು, ಅವರ ಕೈಯಲ್ಲಿ ಸುಮಾರು 400 ವರ್ಷ ಇದ್ದು, ಆಮೇಲೆ ಮತ್ತೆ ಮದುವೆಯಿಂದಲೇ ಮ್ಯಾನರ್ಸ್ ಮನೆತನಕ್ಕೆ ದಾಟಿತು. ಇವತ್ತಿಗೂ ಅವರದೇ. ಒಬ್ಬೊಬ್ಬರು ಒಂದೊಂದು ಮೂಲೆ ಸೇರಿಸಿದರು. ಗೋಡೆಯ ಕಲ್ಲು ನೋಡಿದರೆ ಗೊತ್ತಾಗುತ್ತದೆ: ಒಂದು ಕಡೆ ಬಿಳಿ ಸುಣ್ಣಕಲ್ಲು, ಒಂದು ಕಡೆ ಕಂದು ಮರಳುಗಲ್ಲು, ಬೆಸುಗೆಯ ಜಾಗದಲ್ಲಿ ಎರಡೂ ಕಲಸಿಕೊಂಡಿವೆ. ತಟ್ಟಲಿಲ್ಲ. ಮುಟ್ಟಿದೆ ಅಷ್ಟೆ.

ನನ್ನ ಕಣ್ಣು ಮಾತ್ರ ಸೂರಿನ ಮೇಲಿತ್ತು. ಛಾವಣಿಗೆ ಸೀಸದ ತಗಡು. ಮಳೆನೀರು ಇಳಿಯುವ ಕೊಳವೆಗಳೂ ಸೀಸದವು. ಪ್ರತಿ ಕೊಳವೆಯ ತಲೆಯಲ್ಲಿ ನೀರು ಕೂಡುವ ಪೆಟ್ಟಿಗೆಗೆ ಮನೆತನದ ಚಿಹ್ನೆ, ಹೂಬಳ್ಳಿ, ಜಾಲಂಧ್ರದ ಕೆತ್ತನೆ. ನಮ್ಮ ಕಡೆ ಅಡಿಕೆ ಮರದ ದಂಬೆಗೆ ಯಾರು ಕೆತ್ತನೆ ಮಾಡುತ್ತಾರೆ? ಇಲ್ಲಿ ಮಾಡಿದ್ದಾರೆ. ನೀರು ಹೋಗುವ ದಾರಿಗೆ ಇಷ್ಟು ಮರ್ಯಾದೆ ಕೊಟ್ಟ ಕಟ್ಟಡವನ್ನು ನನ್ನ ನೌಕರಿಯಲ್ಲಿ ನಾನು ಕಂಡಿರಲಿಲ್ಲ. ಅರ್ಧ ಗಂಟೆ ಅದನ್ನೇ ನೋಡುತ್ತಾ ನಿಂತೆ. ಜೊತೆಗಿದ್ದ ಪ್ರವಾಸಿಗಳು ನಾನು ಹಕ್ಕಿ ನೋಡುತ್ತಿದ್ದೇನೆ ಎಂದುಕೊಂಡು ಆಕಾಶದ ಕಡೆ ಕತ್ತೆತ್ತಿದರು.

ಹಜಾರದ ಮೊಗಸಾಲೆಯಲ್ಲಿ ರೋಮನ್ನರ ಬಲಿಪೀಠವೊಂದಿದೆ. ಈ ಸೀಮೆಯಲ್ಲೇ ಸಿಕ್ಕಿದ್ದು. ರೋಮನ್ ಪಡೆಯ ಅಧಿಕಾರಿಯೊಬ್ಬ ಯುದ್ಧದೇವತೆ ಮಾರ್ಸ್‌ಗೆ ಅರ್ಪಿಸಿದ ಕಲ್ಲು. ಮನೆಯವರು ಅದನ್ನು ಬಾಗಿಲ ಬಳಿ ನಿಲ್ಲಿಸಿ ಸುಮ್ಮನಾಗಿದ್ದಾರೆ. ನಮ್ಮೂರುಗಳಲ್ಲಿ ಗುಡಿಯ ಮುಂದೆ ಯಾವ ಕಾಲದ್ದೋ ವೀರಗಲ್ಲು ಒರಗಿಕೊಂಡಿರುವ ಹಾಗೆ.

ಹಜಾರ 1370ರ ಸುಮಾರಿನದು. ಕಲ್ಲು ಹಾಸಿದ ನೆಲ, ಒಂದು ತುದಿಯಲ್ಲಿ ಯಜಮಾನ ಕೂರುವ ಎತ್ತರದ ಜಗಲಿ, ಇನ್ನೊಂದು ತುದಿಯಲ್ಲಿ ಮರದ ಪರದೆ, ಮೇಲೆ ಹಾಡುವವರ ಅಟ್ಟ. ಪರದೆಯ ಮರಕ್ಕೆ ಒಂದು ಕಬ್ಬಿಣದ ಕೋಳ ನೇತುಹಾಕಿದೆ. ಕೊಟ್ಟ ಮದ್ಯವನ್ನು ಕುಡಿಯಲೊಲ್ಲದ ಅತಿಥಿಯ ಕೈಯನ್ನು ಅದರೊಳಗೆ ಸಿಕ್ಕಿಸಿ, ಅವನ ಅಂಗಿಯ ತೋಳಿನೊಳಕ್ಕೆ ಅದೇ ಮದ್ಯವನ್ನು ಸುರಿಯುತ್ತಿದ್ದರಂತೆ. ಉಪಚಾರಕ್ಕೂ ಮಿತಿ ಬೇಡವೇ? "ನಮ್ಮಲ್ಲಿ ಎಲೆಗೆ ಹೋಳಿಗೆ ಒತ್ತಾಯದಿಂದ ಹಾಕುವುದೇ ವಾಸಿ" ಎಂದಳು ಇವಳು. ತಲೆಯ ಮೇಲಿನ ಮರದ ಛಾವಣಿ ಹಳೆಯದಲ್ಲ, 1920ರ ದಶಕದ್ದು. ಆ ಕಥೆಗೆ ಆಮೇಲೆ ಬರುತ್ತೇನೆ.

ಪರದೆಯ ಹಿಂದಿನ ಓಣಿ ದಾಟಿದರೆ ಅಡುಗೆಮನೆ. ಮೂಲದಲ್ಲಿ ಅದು ಮನೆಯಿಂದ ಬೇರೆಯಾಗಿಯೇ ಇತ್ತು, ಬೆಂಕಿಯ ಭಯಕ್ಕೆ. ಹೆಂಡತಿ ಅಲ್ಲಿಂದ ಹೊರಡಲೇ ಇಲ್ಲ. ತೊಲೆಗಳಿಗೆಲ್ಲ ಹೊಗೆ ಹಿಡಿದಿದೆ, ಕಲ್ಲಿನ ತೊಟ್ಟಿಗಳಿವೆ, ಆಳೆತ್ತರದ ಒಲೆಯ ಗೂಡುಗಳಿವೆ. ಕೊಚ್ಚುವ ಮರದ ದಿಮ್ಮಿ ನಡುವೆ ಸವೆದು ಬಟ್ಟಲಾಗಿದೆ. ಅದರೊಳಗೆ ಕೈಯಿಟ್ಟು, "ಅಜ್ಜಿಯ ಒರಳು ಹೀಗೇ ಇತ್ತು ರೀ, ಅಂಚು ನುಣ್ಣಗೆ" ಎಂದಳು. ಅದರಲ್ಲಿ ಕೊಚ್ಚುತ್ತಿದ್ದದ್ದು ಏನನ್ನು ಎಂದು ನಾನು ಹೇಳಲಿಲ್ಲ. ಗೋಡೆಯ ಬದಿಗೆ ಓಕ್ ಮರದ ಹಳೆಯ ಗೂಡುಪೆಟ್ಟಿಗೆಗಳಿವೆ; ಊಟ ಮುಗಿದ ಮೇಲೆ ಉಳಿದದ್ದನ್ನು ಬಡವರಿಗೆಂದು ಇಡುವುದಕ್ಕೆ. ಗಾಳಿಯಾಡಲಿ ಎಂದು ಬಾಗಿಲಿಗೆ ಕೊರೆದ ಕಿಂಡಿಗಳು.

ಹಜಾರದ ಹಿಂದೆ ಸಣ್ಣ ಊಟದ ಕೋಣೆ. ಸುಮಾರು 1500ರಲ್ಲಿ ಸರ್ ಹೆನ್ರಿ ವರ್ನನ್ ಮಾಡಿಸಿದ್ದು. ಈತ ಇಂಗ್ಲೆಂಡಿನ ಯುವರಾಜ ಆರ್ಥರ್‌ನ ಮೇಲ್ವಿಚಾರಕನಾಗಿದ್ದವನು. ತೊಲೆಗಳ ನಡುವಿನ ಹಲಗೆಗಳಿಗೆ ಬಣ್ಣದಲ್ಲಿ ಬರೆದ ಗುಲಾಬಿಗಳು, ಬೇಟೆನಾಯಿಗಳು, ಮನೆತನದ ಗುರಾಣಿಗಳು. ಒಲೆಯ ಮೇಲೆ ಹಳೆಯ ಇಂಗ್ಲಿಷಿನಲ್ಲಿ ಕೆತ್ತಿದ ಒಂದು ಸಾಲು: ದೇವರಿಗೆ ಅಂಜು, ಅರಸನಿಗೆ ನಮಿಸು. ಯುವರಾಜನ ಮನೆಯಲ್ಲಿ ನೌಕರಿ ಮಾಡಿದವನ ವಂಶ ಇನ್ನೇನು ಬರೆಸೀತು!

ಊಟದ ಹೊತ್ತಿಗೆ ಮಳೆ ಬಂತು. ಆಗ ನಾವು ಮೇಲಿನ ಉದ್ದ ಪಡಸಾಲೆಯಲ್ಲಿದ್ದೆವು. 110 ಅಡಿ ಉದ್ದ. ಮಳೆ ಬಂದ ದಿನ ಮನೆಯವರು ಒಳಗೇ ಅಡ್ಡಾಡಲು ಕಟ್ಟಿಸಿಕೊಂಡ ಜಾಗ ಅದು. ನಾವೂ ಅದೇ ಮಾಡಿದೆವು. ಒಂದು ಪಕ್ಕ ಪೂರ್ತಿ ಕಿಟಕಿ. ಗೋಡೆಗೆ ಕೆತ್ತನೆಯ ಮರದ ಹೊದಿಕೆ, ಅದರಲ್ಲಿ ಹಂದಿಯ ತಲೆ ಮತ್ತು ನವಿಲು ಮತ್ತೆ ಮತ್ತೆ ಬರುತ್ತವೆ. ಹಂದಿ ವರ್ನನ್‌ರದು, ನವಿಲು ಮ್ಯಾನರ್ಸ್‌ರದು. ಬೀಗರಿಬ್ಬರ ಚಿಹ್ನೆಗಳು.

ಕಿಟಕಿಗಳ ಗಾಜು ನೋಡಿ. ಅಂಗೈಯಗಲದ ಹರಳುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿದ ಕಿಟಕಿಗಳು. ಆದರೆ ಒಂದೂ ನೆಟ್ಟಗಿಲ್ಲ. ಒಂದು ಚೌಕಟ್ಟು ಹೊರಕ್ಕೆ ಉಬ್ಬಿದೆ, ಪಕ್ಕದ್ದು ಒಳಕ್ಕೆ ತಗ್ಗಿದೆ. ವಯಸ್ಸಿಗೆ ಜಗ್ಗಿದ್ದು ಎಂದು ಮೊದಲು ಅಂದುಕೊಂಡೆ. ಅಲ್ಲಿದ್ದ ಹಿರಿಯ ಮಾರ್ಗದರ್ಶಿ ನಕ್ಕು, ಬೆಳಕು ಹಿಡಿಯಲೆಂದೇ ಹಾಗೆ ಬೇರೆ ಬೇರೆ ಕೋನಕ್ಕೆ ಬಾಗಿಸಿದ್ದಾರೆ ಎಂದರು. ಮಳೆ ನಿಂತು ಮೋಡದ ಸಂದಿಯಲ್ಲಿ ಬಿಸಿಲು ಬಿದ್ದಾಗ ಅರ್ಥವಾಯಿತು. ಮೊದಲು ಹತ್ತು ಹರಳು ಹೊಳೆದವು, ಮೋಡ ಸರಿದಂತೆ ಬೇರೆ ಹತ್ತು. ಕಿಟಕಿಯ ಉದ್ದಕ್ಕೂ ಬೆಳಕು ಸುಮ್ಮನೆ ಕೂರದೆ ನಡೆಯಿತು. ವಿದ್ಯುತ್ತಿಲ್ಲದ ಕಾಲದಲ್ಲಿ, ವರ್ಷದ ಬಹುಪಾಲು ಮೋಡ ಕವಿದಿರುವ ನಾಡಿನಲ್ಲಿ, ಒಂದು ಕಿರಣವನ್ನೂ ವ್ಯರ್ಥ ಮಾಡಬಾರದೆಂದು ಯೋಚಿಸಿದ ಗಾಜಿನ ಕೆಲಸದವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಈ ಮನೆಯ ಹೆಸರು ಹೇಳಿದರೆ ಇಲ್ಲಿನ ಜನ ಹೇಳುವುದು ಡೊರೊಥಿ ವರ್ನನ್ ಕಥೆಯನ್ನು. ತಂದೆ ಸರ್ ಜಾರ್ಜ್ ವರ್ನನ್‌ಗೆ 'ಪೀಕ್ ಸೀಮೆಯ ರಾಜ' ಎಂಬ ಅಡ್ಡಹೆಸರು. ಸಾಮಂತ ಪದವಿಯ ರಟ್ಲಂಡ್ ಅರ್ಲ್‌ನ ಎರಡನೆಯ ಮಗ ಜಾನ್ ಮ್ಯಾನರ್ಸ್‌ನನ್ನು ಮಗಳು ಮೆಚ್ಚಿದ್ದು ತಂದೆಗೆ ಒಪ್ಪಿಗೆಯಾಗಲಿಲ್ಲ. ಅಕ್ಕನ ಮದುವೆಯ ಕುಣಿತದ ರಾತ್ರಿ ಅವಳು ಹಿಂಬಾಗಿಲಿನಿಂದ ಜಾರಿ, ಕಲ್ಲಿನ ಮೆಟ್ಟಿಲಿಳಿದು, ಹೊಳೆಯ ಸಣ್ಣ ಸೇತುವೆ ದಾಟಿ, ಕುದುರೆಯೊಂದಿಗೆ ಕಾದಿದ್ದ ಅವನ ಜೊತೆ ಹೋದಳಂತೆ. ಮೆಟ್ಟಿಲು ತೋರಿಸುತ್ತಾರೆ, ಸೇತುವೆ ತೋರಿಸುತ್ತಾರೆ. ಮದುವೆ ನಡೆದದ್ದು ನಿಜ, 1563ರಲ್ಲಿ. ಓಡಿಹೋದ ಕಥೆ ಮಾತ್ರ ಅಚ್ಚಾಗಿ ಹರಡಿದ್ದು 19ನೇ ಶತಮಾನದಲ್ಲಿ. ಆಮೇಲೆ ಕಾದಂಬರಿ, ಸಂಗೀತ ನಾಟಕಗಳೂ ಹುಟ್ಟಿಕೊಂಡವು. ಕುಣಿತದ ಕೋಣೆ ಎಂದು ಕಥೆಗಾರರು ಕರೆದ ಈ ಉದ್ದ ಪಡಸಾಲೆಯಂತೂ ಮದುವೆಯ ಎಷ್ಟೋ ವರ್ಷಗಳ ಮೇಲೆ ಅದೇ ಅಳಿಯ ಕಟ್ಟಿಸಿದ್ದು. ತಂದೆಗೆ ಅಷ್ಟೊಂದು ಸಿಟ್ಟಿದ್ದರೆ ಮನೆ ಮಗಳಿಗೆ ಹೇಗೆ ಬಂತು ಎಂದು ಕೇಳಿದೆ. "ಎಂಜಿನಿಯರುಗಳಿಗೆ ಕಥೆ ಹೇಳಬಾರದು" ಎಂದಳು ಹೆಂಡತಿ, ಮಾರ್ಗದರ್ಶಿಗೆ ಅರ್ಥವಾಗದಂತೆ ಕನ್ನಡದಲ್ಲಿ.

ಈಗ ಹಜಾರದ ಆ ಛಾವಣಿಯ ವಿಷಯ. 1703ರಲ್ಲಿ ಈ ಮ್ಯಾನರ್ಸ್ ಮನೆತನದವರು ಅರ್ಲ್‌ಗಿಂತ ಮೇಲಿನ ಪದವಿಗೇರಿ ರಟ್ಲಂಡಿನ ಡ್ಯೂಕ್‌ಗಳಾದರು. ಡ್ಯೂಕ್‌ಗೆ ತಕ್ಕ ಮನೆ ಬೇಕಲ್ಲ. ಲೆಸ್ಟರ್‌ಶೈರ್ ಕಡೆಯ ಬೀವರ್ ಕೋಟೆಯಲ್ಲಿ ನೆಲೆಸಿದರು. (ಬೆಲ್ವೊಯರ್ ಎಂದು ಬರೆದು ಬೀವರ್ ಎಂದು ಓದುತ್ತಾರೆ. ಇಂಗ್ಲಿಷರನ್ನು ಕಾಗುಣಿತದ ವಿಷಯದಲ್ಲಿ ಕ್ಷಮಿಸುವುದು ಕಷ್ಟ.) ಅಲ್ಲಿಂದ ಮುಂದೆ 200 ವರ್ಷ ಹ್ಯಾಡನ್‌ನಲ್ಲಿ ಮನೆಯವರು ಯಾರೂ ವಾಸವಿರಲಿಲ್ಲ. ಆ 200 ವರ್ಷಗಳಲ್ಲಿ ಇಂಗ್ಲೆಂಡಿನ ಸಿರಿವಂತರು ತಮ್ಮ ಹಳೆಯ ಮನೆಗಳನ್ನು ಏನು ಮಾಡಿದರು? ಮೊದಲು ಗ್ರೀಕ್ ಕಂಬಗಳ ಹುಚ್ಚು, ಆಮೇಲೆ ಉದ್ಯಾನದ ಹುಚ್ಚು, ಆಮೇಲೆ ಹುಸಿ ಗಾಥಿಕ್ ಹುಚ್ಚು. ಇದೇ ಡ್ಯೂಕ್‌ಗಳು ಬೀವರ್ ಕೋಟೆಯನ್ನು 19ನೇ ಶತಮಾನದ ಆರಂಭದಲ್ಲಿ ಕೆಡವಿ ಹೊಸದಾಗಿ ಕಟ್ಟಿಸಿದರು. ಅವರು ಹ್ಯಾಡನ್‌ನಲ್ಲೇ ಉಳಿದಿದ್ದರೆ ಕೊಚ್ಚುವ ದಿಮ್ಮಿಯಾಗಲಿ ಬಾಗಿದ ಗಾಜಾಗಲಿ ಉಳಿಯುತ್ತಿರಲಿಲ್ಲ.

ಹಾಗೆಂದು ಬರೀ ಬಿಟ್ಟುಬಿಟ್ಟರೆ ಮನೆ ಉಳಿಯುತ್ತದೆ ಎಂದು ನಾನು ಬರೆದರೆ ನನ್ನ ಹಳೆಯ ಸಹೋದ್ಯೋಗಿಗಳು ನಗುತ್ತಾರೆ. ಆಗುಂಬೆಯ ಮಳೆಗೆ ಎರಡು ವರ್ಷ ಹೆಂಚು ಕೈಯಾಡಿಸದೆ ಬಿಟ್ಟ ಮನೆ ಏನಾಗುತ್ತದೆಂದು ನೋಡಿದ್ದೇನೆ. ಹ್ಯಾಡನ್‌ನಲ್ಲಿ ಯಾರೂ ಇರಲಿಲ್ಲವೇ ಹೊರತು ಸೂರನ್ನು ಪೂರ್ತಿ ಕೈಬಿಟ್ಟಿರಲಿಲ್ಲ. ನೋಡಲು ಬಂದವರಿಗೆ ಬಾಗಿಲು ತೆಗೆಯುವ ಕಾವಲಿನವರೂ ಇದ್ದರು. ಆ ಸೀಸದ ಕೊಳವೆಗಳು ನೀರು ಇಳಿಸುತ್ತಲೇ ಇದ್ದವು. ಕೊನೆಗೆ 20ನೇ ಶತಮಾನದ ಆರಂಭದಲ್ಲಿ, ಮುಂದೆ ಒಂಬತ್ತನೆಯ ಡ್ಯೂಕ್ ಆದ ಜಾನ್ ಮ್ಯಾನರ್ಸ್ ಇದರ ದುರಸ್ತಿಯನ್ನು ಬದುಕಿನ ಕೆಲಸವಾಗಿ ಹಿಡಿದ. ಹಜಾರದ ಛಾವಣಿ ಅವನದು. ಹೊಸತನ್ನು ಹೊಸತೆಂದೇ ಬಿಟ್ಟ, ಹಳೆಯದನ್ನು ಕೆರೆದು ಹೊಳಪಿಸಲಿಲ್ಲ.

ಅವನು ಮುಟ್ಟಿದ್ದರಲ್ಲಿ ಪ್ರಾರ್ಥನಾ ಮಂದಿರದ ಗೋಡೆಯೂ ಒಂದು. ಕೆಳ ಅಂಗಳದ ನೈಋತ್ಯ ಮೂಲೆಯಲ್ಲಿರುವ ಸಂತ ನಿಕೋಲಸ್ ಮಂದಿರ ಮನೆಗಿಂತ ಹಳೆಯ ಅನುಭವ ಕೊಡುತ್ತದೆ. ದಪ್ಪ ದುಂಡು ಕಂಬ, 1427ರ ಕಿಟಕಿ, ಗೋಡೆಯ ತುಂಬ ಬಳ್ಳಿಯ ಚಿತ್ರ. ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರ್, ಕಾಲ ಬಳಿ ಮೀನುಗಳು. ಪಶ್ಚಿಮದ ಗೋಡೆಯಲ್ಲಿ ಮೂರು ಅಸ್ಥಿಪಂಜರಗಳು. ಹದಿನಾರನೆಯ ಶತಮಾನದ ಕ್ರೈಸ್ತ ಧರ್ಮ ಸುಧಾರಣೆಯ ಕಾಲದಲ್ಲಿ ಇದನ್ನೆಲ್ಲ ವಿಗ್ರಹಾರಾಧನೆ ಎಂದು ಸುಣ್ಣ ಬಳಿದು ಮುಚ್ಚಿದರು. ಸುಣ್ಣದ ಕೆಳಗೆ ಚಿತ್ರ ಮುನ್ನೂರೈವತ್ತು ವರ್ಷ ಬೆಚ್ಚಗಿತ್ತು. ನಮ್ಮ ಗುಡಿಗಳ ಕೆತ್ತನೆಗೆ ವರ್ಷವರ್ಷವೂ ಬಳಿದ ಸುಣ್ಣವನ್ನು ಬೈದುಕೊಂಡು ಎಷ್ಟೋ ಟಿಪ್ಪಣಿ ಬರೆದವನು ನಾನು. ಆ ಟಿಪ್ಪಣಿಗಳಲ್ಲಿ ಒಂದೆರಡನ್ನು ಹಿಂದಕ್ಕೆ ಪಡೆಯಬೇಕೇನೋ.

ಅದೇ ಮಂದಿರದಲ್ಲಿ ಒಂದು ಹುಡುಗ ಬಿಳಿ ಕಲ್ಲಿನಲ್ಲಿ ಮಲಗಿದ್ದಾನೆ. ಒಂಬತ್ತನೆಯ ಡ್ಯೂಕ್‌ನ ಅಣ್ಣ, ಲಾರ್ಡ್ ಹ್ಯಾಡನ್ ಎಂಬ ಬಿರುದು ಹೊತ್ತವನು. 1894ರಲ್ಲಿ ಒಂಬತ್ತು ವರ್ಷದವನಿದ್ದಾಗ ತೀರಿಕೊಂಡ. ಆ ಶಿಲ್ಪವನ್ನು ರೂಪಿಸಿದ್ದು ತಾಯಿ ವೈಲೆಟ್, ತಾನೇ ಕಲಾವಿದೆ. ಹೆಂಡತಿ ಹೊರಗೆ ಬಂದಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ತೋಟದ ಮೆಟ್ಟಿಲ ಮೇಲೆ ಗುಲಾಬಿಗಳ ಪಕ್ಕ ಕೂತಿದ್ದೆವು.

ಮೂರನೆಯ ದಿನ, ಬುಧವಾರ

ಬೇಕ್‌ವೆಲ್‌ನ ಚರ್ಚಿನಲ್ಲಿ ಡೊರೊಥಿ ಸಿಕ್ಕಳು. ಅವಳೂ ಜಾನನೂ ಎದುರೆದುರು ಮಂಡಿಯೂರಿ ಕೈಮುಗಿದಿದ್ದಾರೆ, ಕೆಳಗೆ ಮಕ್ಕಳು. ಅವಳು ತೀರಿಕೊಂಡದ್ದು 1584ರಲ್ಲಿ, ಅವನು 1611ರಲ್ಲಿ. ಹತ್ತಿರದಲ್ಲೇ ತಂದೆ ಸರ್ ಜಾರ್ಜ್, ಎಡಬಲಕ್ಕೆ ಇಬ್ಬರು ಹೆಂಡಿರೊಂದಿಗೆ ನೆಮ್ಮದಿಯಾಗಿ ಮಲಗಿದ್ದಾನೆ. ಓಡಿಹೋದ ಮಗಳೂ ಸಿಟ್ಟಿನ ತಂದೆಯೂ ಒಂದೇ ಸೂರಿನಡಿ.

ಮಧ್ಯಾಹ್ನ ಹಳೆಯ ರೈಲು ದಾರಿಯಲ್ಲಿ ನಡೆದೆವು. 1860ರ ದಶಕದಲ್ಲಿ ಮಿಡ್‌ಲಂಡ್ ರೈಲು ಕಂಪನಿ ಈ ಕಣಿವೆಯಲ್ಲಿ ಹಳಿ ಹಾಕಿತು, 1968ರಲ್ಲಿ ಮುಚ್ಚಿತು. ಈಗ ಅದು ನಡೆಯುವವರ, ಸೈಕಲ್ಲಿನವರ ದಾರಿ. ಬೇಕ್‌ವೆಲ್‌ನ ಆಚೆ ಅದು ನಿಂತುಹೋಗುತ್ತದೆ. ಮುಂದೆ ಹ್ಯಾಡನ್ ಮನೆಯ ಹಿಂದಿನ ಗುಡ್ಡದಲ್ಲಿ 1,058 ಗಜದ ಸುರಂಗವಿದೆ. ಹೆಚ್ಚಿನ ಭಾಗ ಗುಡ್ಡ ಕೊರೆದದ್ದಲ್ಲ: ನೆಲ ಅಗೆದು, ಕಮಾನು ಕಟ್ಟಿ, ಮೇಲೆ ಮಣ್ಣು ಮುಚ್ಚಿದ್ದು. ಅಂದರೆ ಎಂಜಿನಿಯರಿಗೆ ಬೇಕಾಗಿದ್ದ ಸುರಂಗವಲ್ಲ. ಮನೆಯಿಂದ ರೈಲು ಕಾಣಬಾರದೆಂದು ಡ್ಯೂಕ್ ಹಟ ಹಿಡಿದದ್ದಕ್ಕೆ ಆದದ್ದು. ಆ ಕಾಲಕ್ಕೆ ಮನೆಯವರು ಬಿಟ್ಟು ಹೋಗಿ ಒಂದೂವರೆ ಶತಮಾನ ಕಳೆದಿತ್ತು. ಯಾರೂ ನೋಡದ ಕಿಟಕಿಯ ನೋಟ ಕೆಡದಿರಲೆಂದು ಒಂದು ಕಿಲೋಮೀಟರು ಹೂತರು. ಕಟ್ಟುವಾಗ ಕುಸಿದು ಕೆಲಸಗಾರರು ಸತ್ತರು. ಅವರಿಗೆ ಚರ್ಚಿನಲ್ಲಿ ಕಲ್ಲಿನ ಹಾಸಿಗೆಗಳಿಲ್ಲ.

ನಾಲ್ಕನೆಯ ದಿನ, ಗುರುವಾರ

ಹಿಂತಿರುಗುವ ದಾರಿಯಲ್ಲಿ ಚಾಟ್ಸ್‌ವರ್ತ್. ಹ್ಯಾಡನ್‌ನಿಂದ ಕೆಲವೇ ಮೈಲಿ. ಡೆವನ್‌ಶೈರಿನ ಡ್ಯೂಕ್‌ಗಳ ಅರಮನೆ. ಕಾರಂಜಿ, ಬೆಟ್ಟದಿಂದಿಳಿಯುವ ನೀರಿನ ಮೆಟ್ಟಿಲು, ಚಿನ್ನದ ರೇಕು ಬಳಿದ ಕಿಟಕಿ ಚೌಕಟ್ಟುಗಳು. ಚೆನ್ನಾಗಿಯೇ ಇದೆ, ಮೈಸೂರು ಅರಮನೆ ಚೆನ್ನಾಗಿರುವ ಹಾಗೆ. ನನಗೆ ಬೇಕಾಗಿದ್ದದ್ದು ಬೇರೆ. ಹ್ಯಾಡನ್‌ನ ಡೊರೊಥಿ ಬದುಕಿದ್ದ ಕಾಲದಲ್ಲೇ ಇಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಎಂಬ ಗಟ್ಟಿಗಿತ್ತಿ ದೊಡ್ಡದೊಂದು ಕಲ್ಲಿನ ಮನೆ ಕಟ್ಟಿಸಿದ್ದಳು. ಸ್ಕಾಟ್ಲಂಡಿನ ರಾಣಿ ಮೇರಿಯನ್ನು ಸೆರೆಯಿಟ್ಟದ್ದೂ ಆ ಮನೆಯಲ್ಲಿ. ಅದು ಎಲ್ಲಿದೆ ನೋಡಬೇಕು ಎಂದು ಸಹಾಯಕರನ್ನು ಕೇಳಿದೆ. ಅವರು ಅರಮನೆಯನ್ನೇ ತೋರಿಸಿದರು. 1687ರಿಂದ ಒಂದೊಂದೇ ಪಾರ್ಶ್ವ ಕೆಡವುತ್ತಾ ಅದೇ ಜಾಗದಲ್ಲಿ ಇದನ್ನು ಎಬ್ಬಿಸಿದ್ದಾರೆ. ಹಣವಿತ್ತು, ಮನೆಯವರು ಮನೆಯಲ್ಲೇ ಇದ್ದರು.

ಬಸ್ಸಿನಲ್ಲಿ ಮೊಬೈಲು ತೆಗೆದು ಭಾವಮೈದನ ಚಿತ್ರಗಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ನೀರು ಸೋರಿರುವುದು ಹೆಂಚಿನಿಂದಲ್ಲ, ಎರಡು ಮಾಡುಗಳು ಕೂಡುವಲ್ಲಿನ ದಂಬೆ ಬಿರುಕು ಬಿಟ್ಟಿದೆ. ತೊಲೆಯ ತುದಿ ಕಪ್ಪಾಗಿದೆ, ಕೊಳೆತಿದೆಯೋ ಇಲ್ಲವೋ ಚಿತ್ರದಲ್ಲಿ ಗೊತ್ತಾಗುವುದಿಲ್ಲ.

ಬರೆದೆ: "ಅಂದಾಜು ಈಗ ಬೇಡ. ತೊಲೆಯ ತುದಿಗೆ ಚಾಕು ಚುಚ್ಚಿ ನೋಡು, ಎಷ್ಟು ಆಳ ಇಳಿಯಿತು ಹೇಳು. ದಂಬೆಯನ್ನು ನಾಳೆಯೇ ಬದಲಾಯಿಸು."

ಹೆಂಡತಿ ಪಕ್ಕದಿಂದ ಬಗ್ಗಿ ಓದಿದಳು. "ಮಳೆ ಮುಗಿಯುವವರೆಗೆ ಮೇಸ್ತ್ರಿಯನ್ನು ಅಂಗಳಕ್ಕೂ ಕರೆಯಬೇಡ ಎಂದು ಸೇರಿಸಿ" ಎಂದಳು. ಸೇರಿಸಿದೆ.